ಬಟ್ಟಮ್ಮನ ಬಟ್ಟೆ

ಹೋದ ತಿಂಗಳು ಮಂಡ್ಯದಲ್ಲಿ ನನ್ನ ಜೊತೆ ಪಾಠ ಮಾಡುವ ಮೇಡಂ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಎಲ್ಲರೂ ಹಾಲ್‌ನಲ್ಲಿ ಕೂತು ಟ್ರಾನ್ಸ್‌ಫರ್ ವಿಷಯ ಮಾತಾಡುತ್ತಿದ್ದರು. ಒಳಗೆ ಪಲಾವಿಗೆ ಬಾಸುಮತಿ ಅಕ್ಕಿ ಬೇಯುತ್ತಿತ್ತು. ಪಾತ್ರೆಯ ಮುಚ್ಚಳ ತೆಗೆದರೋ ಏನೋ, ಆ ಘಮ ಹಾಲಿಗೆ ಬಂತು. ನನ್ನ ಎರಡೂ ಅಂಗೈ ತಣ್ಣಗಾದವು. ಬಾಗಿಲು ಯಾವ ಕಡೆ ಇದೆ ಎಂದು ಕಣ್ಣು ತಾನಾಗಿಯೇ ಹುಡುಕಿತು. ‘ಯಾಕ್ರೀ, ಬಿಪಿನಾ?’ ಎಂದು ಆಕೆ ನೀರು ತಂದುಕೊಟ್ಟರು. ಹೂಂ ಎಂದೆ. ಅನ್ನದ ವಾಸನೆಗೆ ಹೆದರಿದೆ ಎಂದರೆ ಯಾರು ನಂಬುತ್ತಾರೆ?

ಅದು ನಾನು ಪಿಎಚ್‌ಡಿಗೆ ಸೇರಿದ ವರ್ಷದ ಮಳೆಗಾಲ. ನಮ್ಮದು ಹನಕೆರೆ ಕಡೆಯ ಊರು. ಅಪ್ಪ ಗುತ್ತಿಗೆ ಗದ್ದೆ ಉಳುತ್ತಿದ್ದ, ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದಳು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬೆಳಗಾಗೆದ್ದು ಸಗಣಿ ಬಾಚಿ, ಕೈ ತೊಳೆದು, ರೈಲು ಹತ್ತಿ ಮೈಸೂರಿಗೆ ಹೋಗಿ ಓದಿದವಳು. ಯಾರೂ ಬಟ್ಟಲಲ್ಲಿಟ್ಟು ಕೊಟ್ಟಿದ್ದಲ್ಲ.

ಕಿರುಗಾವಲಿನಿಂದ ಒಳಕ್ಕೆ ಹೋದರೆ ನಮ್ಮ ಸೋದರತ್ತೆ ಕೆಂಪಮ್ಮನ ಊರು ಸಿಗುತ್ತದೆ. ಆ ಊರ ಕೆರೆ ಏರಿಯ ಮೇಲೆ ಹೊಯ್ಸಳರ ಕಾಲದ ಒಂದು ದಾನಶಾಸನ ಇದೆ. ದಾನ ಕೊಟ್ಟ ಭೂಮಿಗೆ ಮೂಡಲ ಎಲ್ಲೆ ‘ಹೆಬ್ಬಟ್ಟೆ’ ಎಂದು ಅದರಲ್ಲಿ ಬರೆದಿದೆ. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ. ಹೆಬ್ಬಟ್ಟೆ ಎಂದರೆ ದೊಡ್ಡ ದಾರಿ. ದೊಡ್ಡದು ಎಂದರೂ ಇವತ್ತಿನ ಲೆಕ್ಕಕ್ಕೆ ಒಂದು ಓಣಿ ಅಷ್ಟೆ. ಹೇರು ಹೊತ್ತ ಎತ್ತುಗಳು ಎದುರುಬದುರಾದರೆ ಒಂದು ಪಕ್ಕಕ್ಕೆ ಸರಿಯಬೇಕಾಗಿದ್ದಂಥದ್ದು. ಕಾವೇರಿ ದಂಡೆಯಿಂದ ಮದ್ದೂರಿನ ಕಡೆಗೆ ಹೋಗುತ್ತಿದ್ದಿರಬೇಕು ಎಂಬುದು ನಮ್ಮ ಗೈಡ್ ಮೇಷ್ಟ್ರ ಊಹೆ. ‘ಲೈಬ್ರರೀಲಿ ಕೂತು ಬರೀಬೇಡಮ್ಮ. ಎಲ್ಲಿ ಹೋಯ್ತು ಅಂತ ನಡೆದು ನೋಡು’ ಎಂದು ಕಳಿಸಿದ್ದರು. ಆ ದಾರಿ ಹುಡುಕುತ್ತಾ ಹೋಗಿ ನಾನು ನಮ್ಮತ್ತೆಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಅತ್ತೆಯ ಮಗ ಮಹದೇವ ಟ್ರ್ಯಾಕ್ಟರ್ ಓಡಿಸುತ್ತಾನೆ. ನನಗೆ ಬಾವ ಆಗಬೇಕು. ನಾನು ಬ್ಯಾಗು ಇಳಿಸುವ ಮೊದಲೇ ಶುರು ಮಾಡಿದ.

‘ಏನಮ್ಮಿ, ಎಮ್ಮೆ ಮುಗಿಸ್ದಂತೆ? ಎಷ್ಟು ಹಾಲು ಕೊಟ್ಟದು?’

‘ಎಮ್ಮೆ ಅಲ್ಲ ಬಾವ, ಎಂ.ಎ. ಈಗ ಅದರ ಮೇಲಿಂದು ಓದ್ತಾ ಇವ್ನಿ. ಹೆಬ್ಬಟ್ಟೆ ಹುಡುಕಕ್ಕೆ ಬಂದಿದ್ದೀನಿ.’

‘ಹೆಬ್ಬೆಟ್ಟಾ?’ ಎಂದು ತನ್ನ ಹೆಬ್ಬೆರಳು ಎತ್ತಿ ತೋರಿಸಿದ. ‘ಅದ್ನ ಹುಡುಕಕ್ಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮೂರ ತುಂಬ ಹೆಬ್ಬೆಟ್ಟುಗಳೇ ಅವ್ರೆ ಕಣಮ್ಮಿ!’

ಅತ್ತೆ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: ‘ಎಲ್ಲಿಗಾರ ಓಗು, ಏನಾರ ಹುಡುಕು. ಕಬ್ಬಿನ ಗದ್ದೆ ಒಳಕ್ಕೆ ಮಾತ್ರ ಒಬ್ಳೇ ಇಳೀಬ್ಯಾಡ. ಅದು ಬಂದದೆ.’

ಅದು ಎಂದರೆ ಚಿರತೆ. ಆ ಮಳೆಗಾಲದಲ್ಲಿ ಊರಿನಲ್ಲಿ ಯಾರೂ ಅದರ ಹೆಸರು ಎತ್ತುತ್ತಿರಲಿಲ್ಲ. ‘ಅದು’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಮೊದಲು ನಾಯಿಗಳು ಮಾಯವಾದವು, ಒಂದರ ಕೊರಳಪಟ್ಟಿ ಮಾತ್ರ ಕಬ್ಬಿನಲ್ಲಿ ಸಿಕ್ಕಿತು. ಆಮೇಲೆ ಕೆರೆ ಕೆಳಗಿನ ಸಿದ್ದಣ್ಣನ ಮೇಕೆ ಹೋಯಿತು. ಹುಲ್ಲು ಕುಯ್ಯಲು ಹೆಂಗಸರು ಗುಂಪು ಕಟ್ಟಿಕೊಂಡು ಹೋಗುತ್ತಿದ್ದರು, ಒಬ್ಬಳು ತಟ್ಟೆ ಬಡಿಯುತ್ತಾ ನಿಲ್ಲುತ್ತಿದ್ದಳು. ಶಾಲೆಯ ಮಕ್ಕಳನ್ನು ಬಾವ ಟ್ರೈಲರಿನಲ್ಲಿ ತುಂಬಿಕೊಂಡು ಬಿಟ್ಟುಬರುತ್ತಿದ್ದ. ನಾಲೆ ಬಂದ ಮೇಲೆ ಆ ಸೀಮೆಯೆಲ್ಲ ಕಬ್ಬು. ಆಳಿಗಿಂತ ಎತ್ತರಕ್ಕೆ ಬೆಳೆದು ನಿಂತರೆ ಪಕ್ಕದಲ್ಲಿ ಏನಿದೆ ಎಂದು ಕಾಣುವುದೇ ಇಲ್ಲ. ನೀವು ನಿಂತರೆ ಅದೂ ನಿಂತಿತು, ನೀವು ನಡೆದರೆ ಅದೂ ನಡೆಯಿತು ಎನ್ನಿಸುತ್ತದೆ. ಗರಿಗೆ ಗರಿ ಉಜ್ಜುವ ಸದ್ದಷ್ಟೆ ಎಂದು ತಲೆಗೆ ಗೊತ್ತಿದ್ದರೂ ಬೆನ್ನು ಒಪ್ಪುವುದಿಲ್ಲ.

ಇಷ್ಟೆಲ್ಲ ಹೇಳಿದ ಅತ್ತೆಯೇ ರಾತ್ರಿ ಮಲಗುತ್ತಿದ್ದದ್ದು ಎಲ್ಲಿ? ಗದ್ದೆಯ ಕೊಟ್ಟಿಗೆಯಲ್ಲಿ. ಎಮ್ಮೆ ಆಗತಾನೆ ಕರು ಹಾಕಿತ್ತು. ಮಾವ ತೀರಿಕೊಂಡಾಗ ಗದ್ದೆ ಮಾರಿಬಿಡು ಎಂದ ನೆಂಟರ ಬಾಯಿ ಮುಚ್ಚಿಸಿ, ಕೈಯಾರೆ ಮಣ್ಣು ಕಲಸಿ ಅವಳೇ ಎಬ್ಬಿಸಿದ ಕೊಟ್ಟಿಗೆ ಅದು. ತಗಡಿನ ಸೂರು, ಎರಡು ಗೋಡೆ, ಒಂದು ಮಂಚ. ಎಮ್ಮೆಯನ್ನು ಊರೊಳಗೆ ಹೊಡೆದುಕೊಂಡು ಬಾ ಎಂದು ಬಾವ ದಿನಾ ಜಗಳ ಆಡುತ್ತಿದ್ದ.

‘ಜಾಗ ಬದ್ಲಾದ್ರೆ ಅದು ಹಾಲು ಇಳ್ಸಲ್ಲ ಕಣ್ಲಾ.’

‘ನಿನ್ನೇ ಎತ್ಕೊಂಡೋದ್ರೆ ಯಾರವ್ವ ಹಾಲು ಕರ್ಯೋರು?’

‘ನನ್ನ ಮೈಯ್ಯಾಗೆ ಏನದೆ ತಿನ್ನಕ್ಕೆ? ಬರೀ ಮೂಳೆ. ಅದ್ಕೂ ಬುದ್ಧಿ ಇರ್ತದೆ ಬುಡು.’

ನಾನು ದಾರಿಯ ಕೆಲಸ ಶುರು ಮಾಡಿದೆ. ಕೇಳಿದವರೆಲ್ಲ ನಾಲೆಯ ರಸ್ತೆ ತೋರಿಸಿದರು, ಟಾರು ರಸ್ತೆ ತೋರಿಸಿದರು. ಒಬ್ಬರು ಮಾತ್ರ ಗಾಬರಿಯಾಗಿ ‘ಇಲ್ಲೂ ಬೈಪಾಸು ಬತ್ತದಾ ಮೇಡಂ? ನಮ್ಮ ಗದ್ದೆ ಬುಟ್ಟು ಗುರ್ತು ಮಾಡಿ’ ಎಂದು ಕಾಫಿ ಕುಡಿಸಿದರು. ಹಳೇ ದಾರಿ ಎಂದರೆ ಯಾರಿಗೂ ಗೊತ್ತಿಲ್ಲ. ವಾರ ಕಳೆಯಿತು. ನನಗೆ ಸಿಕ್ಕಿದ್ದು ಕೆಸರು, ಮಳೆ, ಕೈ ತುಂಬ ಕಬ್ಬಿನ ಗರಿ ಕುಯ್ದ ಗೀರು.

ದಾರಿ ಕಂಡದ್ದು ಬಟ್ಟಮ್ಮನಿಂದ. ಊರ ಹೊರಗೆ ಒಂದು ಹುಣಸೆ ಮರದ ಬುಡದಲ್ಲಿ ಮಂಡಿ ಎತ್ತರದ, ತಲೆ ಗುಂಡಗಿರುವ ಕಲ್ಲು ನಿಂತಿದೆ. ಅದೇ ಬಟ್ಟಮ್ಮ. ಹೆಂಗಸರು ಅದಕ್ಕೆ ಸೀರೆಯ ತುಂಡು, ರವಿಕೆ ಕಣ, ಮಗುವಿನ ಅಂಗಿ ಏನಾದರೂ ಕಟ್ಟುತ್ತಾರೆ. ರಜೆಗೆ ಬಂದಾಗೆಲ್ಲ ನಾನೂ ಕಟ್ಟಿದ್ದೆ. ಬಟ್ಟೆ ಕಟ್ಟಿಸಿಕೊಳ್ಳುವ ಅಮ್ಮ, ಅದಕ್ಕೇ ಬಟ್ಟಮ್ಮ. ಅದರಲ್ಲಿ ಯೋಚಿಸುವುದಕ್ಕೇನಿದೆ? ಆ ದಿನ ಮಳೆ ನಿಲ್ಲಲಿ ಎಂದು ಮರದ ಕೆಳಗೆ ಅತ್ತೆಯ ಜೊತೆ ನಿಂತಿದ್ದಾಗ ಹೊತ್ತು ಹೋಗದೆ ಕೇಳಿದೆ.

‘ಅತ್ತೆ, ಇವಳಿಗೆ ಯಾರು ಬಟ್ಟೆ ಕಟ್ಟಬೇಕು?’

‘ದೂರ ಓಗೋರು ಕಟ್ತಾರೆ. ಮದ್ವೆ ಮಾಡ್ಕೊಂಡು ಓಗೋ ಹೆಣ್ಣು, ಕೆಲ್ಸಕ್ಕೆ ಓಗೋ ಗಂಡು.’

‘ದೂರ ಹೋಗೋರು ಯಾಕೆ?’

‘ನನ್ನ ಯಾಕೆ ಕೇಳೀಯೆ? ಹೆಣ್ದೇವ್ರು, ಬಟ್ಟೆ ಮ್ಯಾಲೆ ಆಸೆ. ಕೊಟ್ರೆ ಸುಕವಾಗಿ ಕಳಿಸ್ಕೊಡ್ತಾಳೆ. ಇನ್ನೂ ಎರಡು ಕಡೆ ಅವ್ಳೆ, ಕಬ್ಬಿನ ಒಳಗೆ. ಅಕ್ಕತಂಗೇರು.’

ನನ್ನ ತಲೆಯೊಳಗೆ ದೀಪ ಹತ್ತಿತು. ಹಳಗನ್ನಡದಲ್ಲಿ ಅಷ್ಟು ಒಳ್ಳೆಯ ಮಾರ್ಕ್ಸ್ ತೆಗೆದವಳು, ಶಾಸನದಲ್ಲಿ ‘ಬಟ್ಟೆ’ ಓದಿದ ತಕ್ಷಣ ದಾರಿ ಎಂದವಳು, ಇಲ್ಲಿ ಬರಿಗಣ್ಣಿಗೆ ಸೀರೆ ತುಂಡು ಕಂಡು ಮೋಸ ಹೋಗಿದ್ದೆ. ಇವಳು ಬಟ್ಟೆ ಕೇಳುವ ಅಮ್ಮ ಅಲ್ಲ. ಬಟ್ಟೆಯ ಅಮ್ಮ, ದಾರಿಯ ಅಮ್ಮ. ಬಟ್ಟೆ ಎಂದರೆ ದಾರಿ ಎಂಬುದು ಜನಕ್ಕೆ ಮರೆತುಹೋಯಿತು, ಹೆಸರು ಉಳಿಯಿತು. ಹೆಸರು ಬಟ್ಟಮ್ಮ ಎಂದ ಮೇಲೆ ಬಟ್ಟೆಯನ್ನೇ ತಂದು ಕಟ್ಟಿದರು. ಎಷ್ಟು ತಲೆಮಾರಿನಿಂದಲೋ ಒಂದು ದಾರಿಗೆ ಸೀರೆ ಉಡಿಸುತ್ತಾ ಬಂದಿದ್ದಾರೆ! ಮಳೆಯಲ್ಲೇ ಅತ್ತೆಯನ್ನು ತಬ್ಬಿಕೊಂಡೆ. ‘ಬುಡು ಬುಡು, ಏನು ಬಂತು ಇದ್ಕೆ’ ಎಂದು ಅವಳು ನನ್ನನ್ನು ತಳ್ಳಿದಳು.

ಮಾರನೆಯ ದಿನ ಯಾರಿಗೂ ಹೇಳದೆ ಹೋದೆ. ಹೇಳಿದ್ದರೆ ಬಿಡುತ್ತಿರಲಿಲ್ಲ. ಹುಣಸೆ ಮರದ ಹಿಂದೆ ಎರಡು ಗದ್ದೆಗಳ ನಡುವೆ ಯಾರ ಪಹಣಿಗೂ ಸೇರದ ಕರಾಬು ಪಟ್ಟಿಯೊಂದು ತಗ್ಗಾಗಿ ಹೋಗುತ್ತದೆ. ಎರಡೂ ಕಡೆಯ ಕಬ್ಬು ಮೇಲಿಂದ ಬಾಗಿ ಮುಚ್ಚಿಕೊಂಡಿತ್ತು. ಒಳಗೆ ಹಗಲಲ್ಲೇ ಮಬ್ಬು. ಕೈಯಲ್ಲಿ ಒಂದು ದೊಣ್ಣೆ. ನೆಲ ನೋಡುತ್ತಾ ಹೋದೆ. ತುಳಿದು ತುಳಿದು ಗಟ್ಟಿಯಾದ ನೆಲ, ಅಲ್ಲಲ್ಲಿ ಹಾಸಿದಂತೆ ಚಪ್ಪಟೆ ಕಲ್ಲು. ಎದೆ ಹೊಡೆದುಕೊಳ್ಳುತ್ತಿತ್ತು, ಖುಷಿಗೋ ಹೆದರಿಕೆಗೋ ಹೇಳಲಾರೆ. ಇಷ್ಟು ಶತಮಾನದ ಮೇಲೆ ಇದು ದಾರಿ ಎಂದು ಗೊತ್ತಿದ್ದು ಇಲ್ಲಿ ನಡೆಯುತ್ತಿರುವವಳು ನಾನೊಬ್ಬಳೇ ಎಂದುಕೊಂಡೆ.

ಆಗ ಅನ್ನದ ವಾಸನೆ ಬಂತು. ಒಳ್ಳೆಯ ಅಕ್ಕಿ, ಮದುವೆ ಮನೆಯಲ್ಲಿ ಬೇಯುತ್ತದಲ್ಲ, ಆ ಘಮ. ಕಬ್ಬು ಕಡಿಯುವವರು ಗುಡಿಸಲು ಹಾಕಿಕೊಂಡಿರಬೇಕು ಎಂದು ಜೀವ ಬಂದಂತಾಯಿತು. ಮನುಷ್ಯರಿದ್ದಾರೆ!

‘ಯಾರಮ್ಮಾ ಅಲ್ಲಿ? ಅಡುಗೆ ಆಯ್ತಾ?’ ಎಂದು ಕೂಗಿದೆ.

ಉತ್ತರ ಬರಲಿಲ್ಲ. ಹೊಗೆ ಇಲ್ಲ, ಪಾತ್ರೆಯ ಸದ್ದಿಲ್ಲ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಗಾಳಿ ನಿಂತಿತ್ತು. ಇನ್ನೊಂದು ಸಲ ಕೂಗೋಣ ಎಂದು ಬಾಯಿ ತೆರೆದವಳು ಯಾಕೋ ಕೂಗಲಿಲ್ಲ. ಎರಡನೆಯ ಬಟ್ಟಮ್ಮ ಅಲ್ಲೇ ಮುಂದೆ, ಬಣ್ಣ ಹೋದ ಬಟ್ಟೆ ಸುತ್ತಿಕೊಂಡು ಕಾಣುತ್ತಿದ್ದಳು. ಅವಳ ತನಕ ಹೋಗದೆ, ಬೆನ್ನು ತಿರುಗಿಸದೆ ಹಿಂದಹಿಂದಕ್ಕೇ ನಡೆದು ಹೊರಬಂದೆ.

ಮನೆಯಲ್ಲಿ ಬಾವನಿಗೆ ಹೇಳಿದರೆ, ‘ಕಬ್ಬು ಕಡ್ಯೋರು ಈ ಸಲ ಇನ್ನೂ ಬಂದೇ ಇಲ್ವಲ್ಲಮ್ಮಿ’ ಎಂದ. ಆಮೇಲೆ ನನ್ನ ಮುಖ ನೋಡಿ, ‘ಬಟ್ಟಮ್ಮನೇ ನಿಂಗೆ ಅಡ್ಗೆ ಮಾಡಿರ್ಬೇಕು. ಇಕ್ಕಿಸ್ಕೊಂಡು ಉಂಡು ಬರೋದಲ್ವಾ?’ ಎಂದು ನಕ್ಕ. ನನಗೆ ನಗು ಬರಲಿಲ್ಲ. ದೆವ್ವ ಇಲ್ಲ ಎಂದು ಓದಿಕೊಂಡವಳು ಆ ರಾತ್ರಿ ಲೈಟು ಆರಿಸದೆ ಮಲಗಿದೆ.

ಎರಡು ದಿನ ಬಿಟ್ಟು ಅರಣ್ಯ ಇಲಾಖೆಯ ಒಬ್ಬ ವಾಚರ್ ಬೋನು ಇಡುವ ಜಾಗ ನೋಡಲು ಬಂದ. ಮಧ್ಯಾಹ್ನ ಕಳೆದಿತ್ತು. ನಾಲೆ ಏರಿಯ ಮೇಲೆ ಜನ ಸುತ್ತುಗಟ್ಟಿದರು. ಅವನಿಗೆ ಮಾತು ಹೆಚ್ಚು.

‘ಎಜ್ಜೆ ಒಂದೇ ನೋಡಬ್ಯಾಡಿ. ಮೂಗೂ ಇರ್ಲಿ. ಅದು ಓಡಾಡೋ ದಾರೀಲಿ ಉಚ್ಚೆ ಉಯ್ದು ಗುರ್ತು ಮಾಡ್ಕೋತದೆ. ಒಂದೊಂದ್ಸಲ ಅದು ಒಳ್ಳೆ ಅಕ್ಕಿ ಅನ್ನ ಬೆಂದಂಗೆ ಘಮ್ ಅಂತದೆ. ಕಬ್ಬಿನೊಳಗೆ ಅನ್ನದ ವಾಸ್ನೆ ಬಂತೋ, ನಿಲ್ಬ್ಯಾಡಿ.’

ಸುತ್ತಲವರು ಗೊಳ್ಳೆಂದರು. ‘ಬಿರ್ಯಾನಿ ಚಿರತೆ ಕಣ್ರಲಾ!’ ಎಂದ ಯಾರೋ. ಬಾವ ನಗಲಿಲ್ಲ. ನನ್ನ ಕಡೆ ತಿರುಗಿ ನೋಡಿದ. ಅವನ ಮುಖದ ಬಣ್ಣ ಇಳಿದಿತ್ತು.

‘ಅಡುಗೆ ಆಯ್ತಾ’ ಎಂದು ನಾನು ಕೇಳಿದ್ದು ಯಾರನ್ನು? ನಾಲೆ ಏರಿಯ ಮೇಲಿಂದ ಕಬ್ಬಿನ ಕಡೆ ನೋಡಿದೆ. ಆ ಎತ್ತರದಿಂದ ನಾನು ಮೊದಲ ಸಲ ನೋಡುತ್ತಿದ್ದೆ. ಹುಣಸೆ ಮರದ ಬುಡದಲ್ಲಿ ಕೆಂಪು ಬಟ್ಟೆ. ಅದರಾಚೆ ಕಬ್ಬಿನ ನಡುವೆ ತೆಳ್ಳಗೆ ಬೈತಲೆ ತೆಗೆದ ಹಾಗೆ ಒಂದು ಗೆರೆ. ಸಿದ್ದಣ್ಣನ ಮೇಕೆ ಹೋದ ಜಾಗ ಆ ಗೆರೆಯ ಮೇಲೇ. ನಾಯಿಯ ಕೊರಳಪಟ್ಟಿ ಸಿಕ್ಕಿದ ಜಾಗ ಆ ಗೆರೆಯ ಮೇಲೇ. ಗೆರೆ ಎಲ್ಲಿಯೂ ಬಾಗದೆ ಮುಂದೆ ಹೋಗಿ ಒಂದು ತಗಡಿನ ಸೂರಿಗೆ ಮುಟ್ಟಿತ್ತು. ಅತ್ತೆಯ ಕೊಟ್ಟಿಗೆ.

‘ಬಾವ, ಅತ್ತೆ ಎಲ್ಲಿ?’

‘ಹಾಲು ಕರ್ಯೋ ಹೊತ್ತು. ಕೊಟ್ಟಿಗೆ ತಾವ.’

ಫೋನು ಮಾಡಿದೆವು. ಅತ್ತೆಯ ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದ ಕಡೆ ಬಡಿದುಕೊಂಡಿರಬೇಕು. ಏರಿಯ ಮೇಲೆ ಸುತ್ತಿ ಹೋದರೆ ದೂರ. ಬಾವ ಟ್ರ್ಯಾಕ್ಟರ್ ತರುತ್ತೇನೆ ಎಂದು ಊರ ಕಡೆ ಓಡಿದ, ವಾಚರನ್ನೂ ಎಳೆದುಕೊಂಡು. ನಾನು ಏರಿಯಿಂದ ಕೆಳಗೆ ಆ ದಾರಿಗೇ ಇಳಿದೆ. ಧೈರ್ಯ ಅಲ್ಲ ಅದು. ಅಪ್ಪ ನನ್ನ ಓದು ನಿಲ್ಲಿಸಬೇಕು ಎಂದಾಗ ಬಸ್ಸು ಹತ್ತಿ ಬಂದು, ‘ಇವ್ಳ ಓದು ನಿಲ್ಸುದ್ರೆ ನಿನ್ನ ಅಟ್ಟಿ ಮೆಟ್ಲು ತುಳಿಯಲ್ಲ ಕಣಣ್ಣ’ ಎಂದು ಅಂಗಳದಲ್ಲಿ ನಿಂತು ಕೂಗಿದವಳು ಅತ್ತೆ ಒಬ್ಬಳೇ. ಅವಳನ್ನು ಬಿಟ್ಟು ಏರಿಯ ಮೇಲೆ ನಿಂತಿರಲು ನನ್ನ ಕೈಲಿ ಆಗಲಿಲ್ಲ.

ಸದ್ದು ಮಾಡುತ್ತಾ ಹೋಗಬೇಕು ಎಂದು ಎಲ್ಲರೂ ಹೇಳಿದ್ದರು. ಬಡಿಯಲು ತಟ್ಟೆ ಇರಲಿಲ್ಲ. ಬಾಯಿಗೆ ದೇವರ ಹೆಸರೂ ಬರಲಿಲ್ಲ. ಬಂದದ್ದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಹೊಯ್ಸಳ ರಾಜರ ಪಟ್ಟಿ. ಒಬ್ಬರಾದ ಮೇಲೊಬ್ಬರು, ಇಸವಿ ಸಮೇತ, ಗಂಟಲು ಹರಿಯುವ ಹಾಗೆ ಕಿರುಚುತ್ತಾ ಓಡಿದೆ. ಗರಿಗಳು ಮುಖಕ್ಕೆ ಬಡಿಯುತ್ತಿದ್ದವು. ರಾಜವಂಶ ಮುಗಿದುಹೋಯಿತು, ದಾರಿ ಮುಗಿಯಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಎರಡನೆಯ ಬಟ್ಟಮ್ಮ ದಾಟಿದಳು, ಮೂರನೆಯವಳು ದಾಟಿದಳು. ಅಲ್ಲಿಂದ ಮುಂದೆ ಅನ್ನದ ವಾಸನೆ ನನ್ನ ಜೊತೆಗೇ ಬರತೊಡಗಿತು.

ಕೊಟ್ಟಿಗೆಯಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಳು.

‘ಯಾಕಮ್ಮಿ ಇಂಗೆ ಬಡ್ಕೋತಾ ಬತ್ತಿದ್ದೀಯೆ? ಎಮ್ಮೆ ಬೆಚ್ಚಿಬೀಳ್ತದೆ.’

‘ಎದ್ದೇಳು ಅತ್ತೆ. ಈಗ್ಲೇ. ಇದು ಅದರ ದಾರಿ.’

‘ಯಾವ್ದರ ದಾರಿ? ಅರ್ಧ ಕರ್ದಿವ್ನಿ, ತಡಿ.’

‘ನಿನ್ನ ಕಾಲು ಕಟ್ಕೋತೀನಿ, ಏಳು!’

‘ಓದಿ ಓದಿ ಹುಚ್ಚು ಇಡೀತು ಕಣೆ ನಿಂಗೆ’ ಎಂದು ಎದ್ದು ತಿರುಗಿದವಳು ಅಲ್ಲೇ ನಿಂತಳು. ಎಮ್ಮೆ ಮೇವು ಬಿಟ್ಟಿತ್ತು. ಕಿವಿ ಮುಂದಕ್ಕೆ ಚಾಚಿ, ನಾನು ಬಂದ ದಾರಿಯನ್ನೇ ನೋಡುತ್ತಿತ್ತು. ಮೂಗಿನಿಂದ ಬುಸ್ ಎಂದು ಉಸಿರು ಬಿಟ್ಟಿತು. ಕರು ತಾಯಿಯ ಹೊಟ್ಟೆಯ ಅಡಿ ಸೇರಿಕೊಂಡಿತು. ಗಾಳಿಯಿಲ್ಲ, ಆದರೂ ಕಬ್ಬಿನ ತುದಿಗಳು ಒಂದರ ಹಿಂದೆ ಒಂದು ಅಲುಗುತ್ತಿದ್ದವು. ನಮ್ಮ ಕಡೆಗೆ, ಗೆರೆ ಎಳೆದ ಹಾಗೆ.

ಅತ್ತೆಯ ಕೈ ನನ್ನ ಮಣಿಕಟ್ಟು ಹಿಡಿಯಿತು. ಹಾಲಿನಿಂದ ಒದ್ದೆಯಾದ ಕೈ, ಗಡಗಡ ನಡುಗುತ್ತಿತ್ತು. ನಾನು ಹುಟ್ಟಿದಾಗಿನಿಂದ ಅತ್ತೆ ಹೆದರಿದ್ದನ್ನು ಕಂಡಿರಲಿಲ್ಲ. ನನಗೆ ಚಿರತೆಗಿಂತ ಅವಳ ಆ ನಡುಕವೇ ಹೆಚ್ಚು ಭಯ ಹುಟ್ಟಿಸಿತು. ಇಬ್ಬರೂ ಎಮ್ಮೆಯ ಪಕ್ಕಕ್ಕೆ, ಗೋಡೆಗೆ ಒತ್ತಿಕೊಂಡೆವು. ಎಮ್ಮೆ ಕಟ್ಟಿದ್ದ ಗೂಟದ ಕಲ್ಲು ನನ್ನ ಮಂಡಿಗೆ ತಾಗಿತು. ಮಂಡಿ ಎತ್ತರ, ತಲೆ ಗುಂಡಗೆ. ನಾಲ್ಕನೆಯವಳು. ಇವಳಿಗೆ ಮಾತ್ರ ಯಾರೂ ಬಟ್ಟೆ ಕಟ್ಟಿರಲಿಲ್ಲ.

ಅದು ಹೊರಗೆ ಬಂತು. ನಾನು ಎಣಿಸಿದ್ದಕ್ಕಿಂತ ಚಿಕ್ಕದು, ತಗ್ಗು. ಮಳೆಗೆ ನೆನೆದು ಮೈ ಕಪ್ಪಾಗಿತ್ತು. ಅವಸರ ಇರಲಿಲ್ಲ. ಅತ್ತೆಯ ಮಂಚದ ಹತ್ತಿರ ನಿಂತು ಕಂಬಳಿ ಮೂಸಿತು. ತಲೆ ಎತ್ತಿ ನಮ್ಮನ್ನು ನೋಡಿತು. ಕೂಗಬೇಕು, ಹಾಲಿನ ಕ್ಯಾನು ಬಡಿಯಬೇಕು. ಏನೂ ಆಗಲಿಲ್ಲ. ಅತ್ತೆ ಉಸಿರಿನಲ್ಲೇ ಹೇಳಿದಳು:

‘ಕಾಲು ಎಳ್ಕೊ ಅಮ್ಮಿ. ದಾರಿ ಬುಡು ಅದ್ಕೆ.’

ನನ್ನ ಒಂದು ಕಾಲು ಮುಂದಕ್ಕೆ ಚಾಚಿಕೊಂಡಿತ್ತು. ಎಳೆದುಕೊಂಡೆ. ಅದು ಮಂಚಕ್ಕೂ ನಮಗೂ ನಡುವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹಾದು, ಹುಲ್ಲಿನ ಮೆದೆಯ ಪಕ್ಕದಿಂದ ಆಚೆಯ ಕಬ್ಬಿಗೆ ನೇರವಾಗಿ ನುಗ್ಗಿತು. ಎಡಕ್ಕೆ ಬಲಕ್ಕೆ ತಿರುಗಲಿಲ್ಲ. ಟ್ರ್ಯಾಕ್ಟರಿನ ಸದ್ದು ಕೇಳಿದ್ದು ಆಮೇಲೆ.

ಎಮ್ಮೆಯ ಹಗ್ಗ ಬಿಚ್ಚಲು ಅತ್ತೆಯ ಬೆರಳಿಗೆ ಆಗಲಿಲ್ಲ. ಬಾವ ಕುಡುಗೋಲಿನಲ್ಲಿ ಕುಯ್ದ. ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಅವ್ವನನ್ನು ಮಗುವಿನಂತೆ ಎತ್ತಿ ಟ್ರೈಲರಿನಲ್ಲಿ ಕೂರಿಸಿದ.

ಬೋನನ್ನು ನಾನು ತೋರಿಸಿದ ಜಾಗದಲ್ಲೇ ಇಟ್ಟರು. ಚಿರತೆ ಬೋನಿಗೆ ಬೀಳಲಿಲ್ಲ. ಊರೊಳಗೆ ಎಮ್ಮೆ ಸ್ವಲ್ಪ ದಿನ ಹಾಲು ಕಡಿಮೆ ಮಾಡಿ ಆಮೇಲೆ ಸರಿಹೋಯಿತು. ಅತ್ತೆ ಸರಿಹೋಗಲು ಹೆಚ್ಚು ದಿನ ಬೇಕಾಯಿತು. ಗದ್ದೆಯ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಸೌದೆ ಬಿದ್ದ ಸದ್ದಿಗೂ ಬೆಚ್ಚುತ್ತಿದ್ದಳು. ಹಿತ್ತಲಿಗೆ ಹೋಗಬೇಕಾದರೂ ‘ಅಮ್ಮಿ, ವಸಿ ಬಾ’ ಎಂದು ನನ್ನನ್ನು ಕರೆಯುತ್ತಿದ್ದಳು. ನಾನು ಚಾಪ್ಟರ್ ಬರೆಯುವ ನೆಪದಲ್ಲಿ ಅಲ್ಲೇ ಉಳಿದೆ.

ಚಳಿ ಶುರುವಾದಾಗ ಕಬ್ಬು ಕಡಿದರು. ಸೀಮೆಯೆಲ್ಲ ಬಯಲಾಯಿತು. ಒಂದು ಬೆಳಿಗ್ಗೆ ಬಲವಂತ ಮಾಡಿ ಅತ್ತೆಯನ್ನು ನಾಲೆ ಏರಿಗೆ ಕರೆದುಕೊಂಡು ಹೋದೆ. ಬಾವನೂ ಬಂದ. ಬಿಸಿಲು ಅಡ್ಡಡ್ಡ ಬಿದ್ದಿತ್ತು. ಬೋಳು ಗದ್ದೆಗಳ ನಡುವೆ ತಗ್ಗಾದ ದಾರಿ ನೆರಳು ತುಂಬಿಕೊಂಡು, ದಿಗಂತದಿಂದ ದಿಗಂತಕ್ಕೆ ಮಲಗಿತ್ತು. ನಾನು ಕೈ ಚಾಚಿ ತೋರಿಸುತ್ತಾ ಹೋದೆ. ಇಲ್ಲಿಂದ ಬರುತ್ತೆ, ಇದು ಮೊದಲನೇ ಬಟ್ಟಮ್ಮ, ಇದು ಎರಡನೆಯದು. ಅತ್ತೆ ನನ್ನ ಬೆರಳಿನ ಹಿಂದೆ ಕಣ್ಣು ಹಾಯಿಸುತ್ತಾ ಬಂದು, ತನ್ನ ಕೊಟ್ಟಿಗೆ ಸಿಕ್ಕಿದಾಗ ನಿಂತಳು. ದಾರಿ ಗೋಡೆಯಿಲ್ಲದ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಬಂದಿತ್ತು. ಮಂಚ ಇನ್ನೂ ಅಲ್ಲೇ, ದಾರಿಯ ನಟ್ಟನಡುವೆ ಇತ್ತು.

ಅತ್ತೆ ಏರಿಯಿಂದ ಕೆಳಗೆ ಇಳಿಯಲಿಲ್ಲ. ಸೆರಗನ್ನು ಭುಜದ ಸುತ್ತ ಎಳೆದುಕೊಂಡು ಕೊನೆಗೆ ಕೇಳಿದಳು:

‘ಅಂಗಾದ್ರೆ ನಾನು ಇಷ್ಟು ವರ್ಸ ಬೀದೀಲಿ ಮನೀಕೊಂಡಿದ್ನೇನಮ್ಮಿ?’